ಹನ್ನೊಂದನೆಯ ಬಾಗಿಲು

ನೆಲವೆಣಿಕೆಯ ಮುನ್ನೂರ ಹದಿನಾಲ್ಕನೆಯ ವರ್ಷ, ಎಂಟನೆಯ ತಿಂಗಳು, ಮೂವತ್ತೇಳನೆಯ ತಾರೀಖು.

ಗಿರಣಿ ನೀಲಗಂಗಮ್ಮನವರಿಗೆ ಚಂದಮ್ಮ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು. ಐದಕ್ಕೆ ಮೂವತ್ತಾರು ದಿನ, ಐದಕ್ಕೆ ಮೂವತ್ತೇಳು. ಎಲ್ಲರಿಗೂ ಸುಲಭವಾಗಲಿ ಎಂದು ಯಾರೋ ದೊಡ್ಡವರು ಕೂತು ಮಾಡಿದ ವ್ಯವಸ್ಥೆ, ಯಾರಿಗೂ ಸುಲಭವಾಗಿಲ್ಲ. ನನ್ನ ಭಾಷೆ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ದಾಖಲೆಗಳನ್ನು ಓದಿ ಕಲಿತವಳು. ನಿಮ್ಮಲ್ಲಿಲ್ಲದ ಪದ ಬಂದರೆ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಫೋನಿನಲ್ಲಿದ್ದ ಭೂಕಂಪದ ಆ್ಯಪ್‌ನಲ್ಲಿ ನೀವು ಕೊನೆಯದಾಗಿ ಬರೆದ ಟಿಪ್ಪಣಿಯ ಕೆಳಗೆ 'ಉತ್ತರಿಸಿ' ಎಂಬ ಖಾನೆಯೊಂದಿದೆ. ಮುನ್ನೂರೈವತ್ತು ವರ್ಷಗಳ ಮೇಲಾಯಿತು, ಅದನ್ನು ಯಾರೂ ಮುಚ್ಚಿಲ್ಲ. ಅದರಲ್ಲೇ ಬರೆಯುತ್ತಿದ್ದೇನೆ. ಮುಟ್ಟುತ್ತದೆ ಎಂಬ ನಂಬಿಕೆ ನನಗಿದೆ ಎಂದರೆ ಸುಳ್ಳಾಗುತ್ತದೆ. ಬರೆಯದೆ ಇರಲು ಆಗುತ್ತಿಲ್ಲ, ಅಷ್ಟೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಧಾನವಾಗಿ ಓದಿಕೊಳ್ಳಿ. ನನ್ನ ತಂಗಿ ರೇವಮ್ಮ ಕುಸಿದ ಮನೆಯೊಳಗೆ ಜೀವಂತ ಇದ್ದಾಗ, ಅವಳು ಕ್ಷೇಮವಾಗಿದ್ದಾಳೆಂದು ಊರಿಗೆಲ್ಲ ತಿಳಿಸಿದವಳು ನಾನು. ಹೋಗಿ ನೋಡದೆ ತಿಳಿಸಿದೆ. ಹುಡುಕುವವರು ಅವಳ ಬಾಗಿಲ ಮುಂದೆಯೇ ಹಾದು ಬೇರೆ ಮನೆಗೆ ಹೋದರು. ಇದಾಗಿ ಐವತ್ತೆರಡು ದಿನವಾಯಿತು. ನಾನು ಇನ್ನೂ ಅತ್ತಿಲ್ಲ. ಅಳಬೇಕಿತ್ತು ಎಂಬುದು ಗೊತ್ತಿದೆ.

ನಮ್ಮ ಕಾಲದ ಬದುಕು ಹೇಗೆಂದು ಹೇಳದಿದ್ದರೆ ಇದು ನಿಮಗೆ ಅರ್ಥವಾಗುವುದಿಲ್ಲ. ನಿಮ್ಮ ಕಾಲದಲ್ಲಿ ನೆಲ ನಡುಗಿದರೆ ಅದು ಸುದ್ದಿಯಾಗುತ್ತಿತ್ತು. ನಮ್ಮಲ್ಲಿ ನಡುಗದಿದ್ದರೆ ಸುದ್ದಿ. ಯಾಕೆ ಹೀಗಾಯಿತು ಎಂಬ ಬಗ್ಗೆ ಮೂರು ಪಕ್ಷಗಳಿವೆ. ಮೂರು ಪಕ್ಷದವರೂ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ನಾವು ಸಾಮಾನ್ಯ ಜನ ಅದನ್ನು ಕೇಳುವುದನ್ನೇ ಬಿಟ್ಟಿದ್ದೇವೆ. ನಮ್ಮ ಮನೆಗಳಲ್ಲಿ ಸೊಂಟಕ್ಕಿಂತ ಮೇಲೆ ಯಾವ ಸಾಮಾನನ್ನೂ ಇಡುವುದಿಲ್ಲ. ಪಾತ್ರೆಗಳನ್ನು ಬಲೆಯಲ್ಲಿ ಕಟ್ಟಿ ಗೋಡೆಗೆ ಬಿಗಿದಿರುತ್ತೇವೆ, ಅದಕ್ಕೆ ಪಾತ್ರೆಗಟ್ಟು ಎನ್ನುತ್ತಾರೆ. ರೇವಮ್ಮ ಅದನ್ನೇ ಹೆಣೆದು ಬದುಕುತ್ತಿದ್ದಳು. ಹೆಣೆಯುತ್ತ ಅವಳಾಡುವ ಮಾತಿಗೆ ಕೊನೆ ಮೊದಲು ಇರುತ್ತಿರಲಿಲ್ಲ, ಆದರೆ ಅವಳು ಕಟ್ಟಿದ ಗಂಟು ಮಾತ್ರ ಒಂದೂ ಬಿಚ್ಚಿದ್ದಿಲ್ಲ. ಚಪ್ಪಲಿಯನ್ನು ನಾವು ಹೊಸಿಲ ಹೊರಗೆ ಬಿಡುವುದಿಲ್ಲ, ಮಂಚದ ಕಾಲಿಗೆ ಕಟ್ಟಿರುತ್ತೇವೆ. ರಸ್ತೆಯಲ್ಲಿ ಪರಿಚಯದವರು ಸಿಕ್ಕರೆ ಊಟ ಆಯಿತೇ ಎಂದು ಕೇಳುವುದಕ್ಕೆ ಮೊದಲು ನೆಲ ಹೇಗಿದೆ ಎಂದು ಕೇಳುತ್ತೇವೆ. ಯಾರೂ ಉತ್ತರಕ್ಕೆ ನಿಲ್ಲುವುದಿಲ್ಲ. ಜೋಳದ ರೊಟ್ಟಿ ಇನ್ನೂ ಇದೆ, ನಿಮಗೆ ಸಮಾಧಾನವಾಗಲಿ ಎಂದು ಹೇಳಿದೆ.

ಪ್ರತಿ ಮನೆಯ ಗೋಡೆಯ ಮೇಲೂ ಒಂದು ನಡುಕಪಟ ಇರುತ್ತದೆ. ನೀವು ಅಂಗೈಯಲ್ಲಿ ಹಿಡಿದು ಬೆರಳಿನಿಂದ ತಿರುಗಿಸುತ್ತಿದ್ದ ಭೂಮಿಯ ಚಿತ್ರದ್ದೇ ದೊಡ್ಡ ರೂಪ ಅದು. ಜಗತ್ತಿನಲ್ಲಿ ಎಲ್ಲಿ ನಡುಗಿದರೂ ಅಲ್ಲೊಂದು ಕೆಂಪು ಬಳೆ ಮೂಡುತ್ತದೆ, ಪಕ್ಕದಲ್ಲಿ ಅದರ ತೀವ್ರತೆಯ ಅಂಕಿ ಬರುತ್ತದೆ. ನಮ್ಮ ಮಕ್ಕಳು ಭೂಗೋಳ ಕಲಿಯುವುದು ಇದರಿಂದಲೇ. ಚಿಲಿಯಲ್ಲಿ ಏನು ಬೆಳೆಯುತ್ತಾರೆಂದು ಗೊತ್ತಿಲ್ಲ, ಎಷ್ಟು ನಡುಗುತ್ತದೆಂದು ಗೊತ್ತು. ದಿನಕ್ಕೆ ನಲವತ್ತು ಐವತ್ತು ಬಳೆ ಸಾಮಾನ್ಯ. ನನ್ನ ಅಜ್ಜಿಯ ಕಾಲದಲ್ಲಿ ಏಳು ದಾಟಿದರೆ ಊಟದ ಕೈ ನಿಲ್ಲುತ್ತಿತ್ತಂತೆ. ನಮ್ಮ ತಾಯಿಯ ಕಾಲಕ್ಕೆ ಎಂಟು ದಾಟಿದರೆ ಮಾತ್ರ. ನಾನು ಊಟ ನಿಲ್ಲಿಸಿದ ನೆನಪಿಲ್ಲ.

ನಡುಕಪಟದ ಕೆಳಗೆ ಒತ್ತುಹಲಗೆ ಇರುತ್ತದೆ. ಅದರಲ್ಲಿ ಎರಡೇ ಚೌಕ: ಒಂದರ ಮೇಲೆ 'ಇದ್ದೇವೆ', ಇನ್ನೊಂದರ ಮೇಲೆ 'ಬನ್ನಿ'. ನಮ್ಮ ಊರಲ್ಲಿ ನಡುಗಿದ ಕೂಡಲೇ ಪ್ರತಿ ಓಣಿಯಲ್ಲೂ ಒಂದು ಕೂಗು ಶುರುವಾಗುತ್ತದೆ, ಓಣಿಯ ಎಲ್ಲ ಮನೆಯವರೂ 'ಇದ್ದೇವೆ' ಒತ್ತುವ ತನಕ ನಿಲ್ಲುವುದಿಲ್ಲ. ಹಲ್ಲು ಜುಮ್ಮೆನ್ನುವಂಥ ಕೂಗು ಅದು. ಒತ್ತದ ಮನೆಗೂ 'ಬನ್ನಿ' ಎಂದ ಮನೆಗೂ ಹುಡುಕುವವರು ಹೋಗುತ್ತಾರೆ. ಒಬ್ಬರು ಸ್ನಾನಕ್ಕೆ ಹೋಗಿರುತ್ತಾರೆ, ಒಬ್ಬರು ಹೊಲಕ್ಕೆ. ಅವರಿಂದಾಗಿ ಓಣಿಯವರೆಲ್ಲ ಕಿವಿ ಮುಚ್ಚಿಕೊಂಡು ಕೂರಬೇಕು. ಅದಕ್ಕಾಗಿ ಬದಲಿ ಒತ್ತು ಬಂತು. ಬಂಧುಗಳ ಪರವಾಗಿ ಬಂಧುಗಳು ತಮ್ಮ ಮನೆಯ ಹಲಗೆಯಿಂದಲೇ ಒತ್ತಬಹುದು, ಅದು ಆ ಬಂಧುಗಳ ಮನೆಯಿಂದಲೇ ಬಂದ ಒತ್ತೆಂದು ದಾಖಲಾಗುತ್ತದೆ. ಕಾಲ ಹೋದಂತೆ ಇದು ಪ್ರೀತಿಯ ಗುರುತಾಯಿತು. ಈಗ ಮದುವೆಯಲ್ಲಿ ಹೆಣ್ಣಿಗೆ ಉಡಿ ತುಂಬುವಾಗ ಅವಳ ಒತ್ತು ಯಾರ ಕೈಗೆ ಎಂದು ಎಲ್ಲರ ಮುಂದೆ ಹೆಸರು ಹೇಳಬೇಕು. ರೇವಮ್ಮ ನನ್ನ ಹೆಸರು ಹೇಳಿದ್ದಳು. ಅವಳ ಗಂಡ ಹೋದ ಮೇಲೂ ಆ ಒತ್ತು ನನ್ನ ಕೈಯಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷ, ನಡುಗಿದಾಗಲೆಲ್ಲ, ನನಗೊಂದು ಅವಳಿಗೊಂದು ಒತ್ತುತ್ತ ಬಂದೆ. ನಮ್ಮ ಓಣಿಯಲ್ಲಿ ಮೊದಲು ಒತ್ತುವವಳು ನಾನೇ ಎಂಬ ಜಂಬವೂ ಇತ್ತು.

ನನ್ನ ಕೆಲಸವನ್ನೂ ಹೇಳಬೇಕು. ನಾನು ಸವರುಗಾರ್ತಿ. ನಡುಕವಾದ ಮೇಲೆ ಒತ್ತುಗಳ ಪಟ್ಟಿ ಕಚೇರಿಗೆ ಬರುತ್ತದೆ. ಗಾಬರಿಯಲ್ಲಿ ಜನ ಹತ್ತು ಸಲ ಒತ್ತಿರುತ್ತಾರೆ, ಮಕ್ಕಳು ಎರಡೂ ಚೌಕ ಬಡಿದಿರುತ್ತಾರೆ. ಒಂದು ಮನೆಯಿಂದ ಮೊದಲು ಬಂದ ಒತ್ತು ಮರುದಿನ ಬೆಳಗಿನ ತನಕ ಗಟ್ಟಿ. ಆಮೇಲೆ ಬಂದದ್ದೆಲ್ಲ ಮರುಒತ್ತು, ಅದನ್ನು ಸವರಬೇಕು, ಎಂದರೆ ಪಟ್ಟಿಯಿಂದ ತೆಗೆದುಹಾಕಬೇಕು. ಇದು ಹುಚ್ಚು ನಿಯಮವೇನಲ್ಲ. ಹಿಂದೊಮ್ಮೆ ಹುಡುಕುವವರು ಸುಳ್ಳು ಕರೆಗಳ ಹಿಂದೆ ಓಡಿ ಓಡಿ, ನಿಜವಾಗಿ ಬೇಕಾದ ಮನೆಗಳಿಗೆ ತಡವಾಗಿ ಹೋದ ಮೇಲೆ ಮಾಡಿದ್ದು. ಸಂಶಯ ಬಂದರೆ ಸವರದೆ ಉಳಿಸಿ ಎಂದೂ ಅದೇ ನಿಯಮದಲ್ಲಿದೆ. ನಡುಕವಿಲ್ಲದ ದಿನಗಳಲ್ಲಿ ನಾವು ನಿಮ್ಮ ಕಾಲದ ದಾಖಲೆಗಳನ್ನು ಕೂಡ ಹೀಗೆಯೇ ಸವರುತ್ತೇವೆ. ಅಂಕಿಗಳನ್ನು ಇಟ್ಟುಕೊಂಡು ಮಾತುಗಳನ್ನು ತೆಗೆಯುತ್ತೇವೆ.

ಕಳೆದ ಎಳ್ಳಮಾವಾಸ್ಯೆಗೆ ರೇವಮ್ಮ ನಮ್ಮ ಮನೆಗೆ ಬಂದಿದ್ದಳು. ಹಳ್ಳದ ಆಚೆ ಅವಳ ಮನೆ, ನಡೆದರೆ ಅರ್ಧ ತಾಸಿನ ದಾರಿ. ಬರುವಾಗ ಸಜ್ಜೆ ರೊಟ್ಟಿ ಭಜ್ಜಿ ಕಟ್ಟಿಕೊಂಡು ಬಂದಿದ್ದಳು. ನನ್ನ ಭಜ್ಜಿಗೆ ಹುಳಿ ಕಡಿಮೆ ಎಂಬುದು ಅವಳ ಹಳೆಯ ದೂರು. ಇಬ್ಬರೂ ಎದುರು ಬದುರು ಕೂತು ಉಣ್ಣುತ್ತಿದ್ದಾಗ ನೆಲ ಸಣ್ಣಗೆ ನಡುಗಿತು, ಕೂಗು ಶುರುವಾಯಿತು. ನಾನು ತುತ್ತು ಅಗಿಯುತ್ತಲೇ ಎಡಗೈ ಚಾಚಿ ನನಗೊಂದು ಅವಳಿಗೊಂದು ಒತ್ತಿ ಮತ್ತೆ ತಟ್ಟೆಗೆ ಕೈ ಹಾಕಿದೆ. ಅವಳು ಉಣ್ಣುವುದನ್ನು ನಿಲ್ಲಿಸಿದಳು.

"ನಾ ನಿನ್ನ ಮುಂದೇ ಕುಂತೀನಿ, ಅಕ್ಕಾ. ನನ್ನ ಕಡಿ ಒಮ್ಮೆ ನೋಡಿ ಒತ್ತಬಾರದೇನು?"

ನಾನು ನಕ್ಕೆ. ನೀನು ಇದ್ದೀಯಲ್ಲ, ನೋಡುವುದೇನು ಬಂತು ಎಂದೆ. ಅವಳು ನಗಲಿಲ್ಲ. ಇನ್ನು ಮುಂದೆ ತನ್ನ ಒತ್ತು ತಾನೇ ಒತ್ತುವುದಾಗಿ, ಬೇಕಾದರೆ ಅಕ್ಕ ನಡೆದು ಬಂದು ನೋಡಲಿ ಎಂದು ಹೇಳಿ ಹೋದಳು. ಅವಳಿಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ ಎಂದುಕೊಂಡು ಸುಮ್ಮನಾದೆ. ಅದಾದ ಮೇಲೆ ನಾಲ್ಕು ತಿಂಗಳು ನಾನು ಹಳ್ಳ ದಾಟಲಿಲ್ಲ. ಕೆಲಸ ಇತ್ತು ಎಂದು ಬರೆಯಬಹುದು. ಅಂಥ ಕೆಲಸವೇನೂ ಇರಲಿಲ್ಲ. ನಡುಗಿದಾಗಲೆಲ್ಲ ಒತ್ತುತ್ತಿದ್ದೆನಲ್ಲ, ಭೇಟಿಯಾದಷ್ಟೇ ಸಮಾಧಾನ ಇರುತ್ತಿತ್ತು.

ಆ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ನೆಲ ನಡುಗಿತು, ಸಣ್ಣದಲ್ಲ, ಪಾತ್ರೆಗಟ್ಟು ಗೋಡೆಗೆ ಬಡಿಯಿತು. ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ನಡುಗುತ್ತಿದ್ದದ್ದು ನನ್ನ ಕಾಲ ಕೆಳಗಿನ ನೆಲ, ಆದರೆ ನಾನು ತಲೆ ಎತ್ತಿ ಗೋಡೆಯ ಪಟ ನೋಡಿದೆ, ಎಲ್ಲಿ ಎಂದು. ಬಳೆ ನಮ್ಮ ಊರ ಮೇಲೆಯೇ ಇತ್ತು. ಐದು ಪಾಯಿಂಟ್ ಮೂರು. ಅಂಥ ದೊಡ್ಡದಲ್ಲ ಎಂದುಕೊಂಡೆ. ಕೂಗು ಶುರುವಾಗುವ ಮೊದಲೇ ನನ್ನದು ಒತ್ತಿದೆ, ರೇವಮ್ಮನದು ಒತ್ತಿದೆ. ಬೇಡ ಎಂದು ಅವಳು ಹೇಳಿದ್ದು ನೆನಪಿತ್ತು. ಹೇಳಿದ್ದಾಳೆ, ಇರಲಿ ಎಂದುಕೊಂಡೇ ಒತ್ತಿದೆ. ಆಮೇಲೆ ರೊಟ್ಟಿ ತಿರುವಿ ಹಾಕಿದೆ. ಅದು ಸೀದಿರಲಿಲ್ಲ.

ಮಧ್ಯಾಹ್ನ ಕಚೇರಿಗೆ ಪಟ್ಟಿ ಬಂತು. ಸಾವಿರಾರು ಮರುಒತ್ತು. ನಮಗೆ ಮನೆಗಳು ಅಂಕಿಗಳಾಗಿ ಬರುತ್ತವೆ, ಹೆಸರಿರುವುದಿಲ್ಲ. ಹದಿನೇಳು ಗೀಟು ನಾಲ್ಕು ಎಂಬ ಮನೆಯಿಂದ ಒಂದು 'ಇದ್ದೇವೆ' ಬಂದು, ಅದರ ಹಿಂದೆಯೇ ಅರವತ್ತಮೂರು 'ಬನ್ನಿ' ಬಂದಿದ್ದವು. ಪಕ್ಕದಲ್ಲಿ ಕೂರುವ ಭೀಮಾಶಂಕರನಿಗೆ ತೋರಿಸಿ, ಯಾರ ಮನೆಯ ಕೂಸೋ ಹಲಗೆ ಹಿಡಿದು ಆಡುತ್ತಿದೆ ನೋಡು ಎಂದೆ. ಅವನೂ ನಕ್ಕ. ಒಂದೇ ಸಲಕ್ಕೆ ಅರವತ್ತಮೂರನ್ನೂ ಸವರಿದೆ. ತಂಗಿಯ ಮನೆಯ ಅಂಕಿ ನನಗೆ ಗೊತ್ತಿರಲಿಲ್ಲ, ನೀಲಗಂಗಮ್ಮನವರೇ. ನನಗೆ ಅದು ಹಳ್ಳದಾಚೆ ಹುಣಸೆ ಮರದ ಹಿಂದಿನ ಮನೆ. ಇಪ್ಪತ್ತೆರಡು ವರ್ಷದಲ್ಲಿ ಅಂಕಿ ಕೇಳುವ ಅಗತ್ಯ ಬಿದ್ದಿರಲಿಲ್ಲ. ಸಂಶಯ ಬಂದರೆ ಉಳಿಸಿ ಎಂದು ನಿಯಮದಲ್ಲಿತ್ತು. ನನಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಪಾತ್ರೆಗಟ್ಟು ಕೊಳ್ಳಲು ಬಂದ ಹೆಂಗಸೊಬ್ಬಳು ರೇವಮ್ಮನ ಮನೆಯ ಹಿಂದಿನ ಗೋಡೆ ಒಳಗೆ ಕುಸಿದಿದ್ದನ್ನು ಕಂಡಳು. ಮುಂದಿನ ಗೋಡೆ ನೆಟ್ಟಗೇ ನಿಂತಿತ್ತು, ಬಾಗಿಲಿಗೆ ತೋರಣವೂ ಇತ್ತು. ತೊಲೆಯ ಕೆಳಗೆ ರೇವಮ್ಮನ ಕಾಲು ಸಿಕ್ಕಿಕೊಂಡಿತ್ತು. ಒತ್ತುಹಲಗೆ ಕೈಗೆ ಎಟಕುವಷ್ಟು ಹತ್ತಿರ ಬಿದ್ದಿತ್ತು. ನಡುಗಿದ ದಿನ ಸಂಜೆಯ ತನಕ ಜೀವ ಇತ್ತು ಎಂದು ವೈದ್ಯರು ಹೇಳಿದರು. ನನ್ನನ್ನು ಯಾರೂ ಬಯ್ಯಲಿಲ್ಲ. ಬದಲಿ ಒತ್ತು ನಮ್ಮಲ್ಲಿ ತಪ್ಪಲ್ಲ. ಅಕ್ಕ ಎಂದರೆ ಹೀಗಿರಬೇಕು, ಎಷ್ಟು ಬೇಗ ಒತ್ತಿದ್ದಾಳೆ ನೋಡಿ ಎಂದು ಮಣ್ಣಿಗೆ ಬಂದವರಲ್ಲಿ ಒಬ್ಬರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರು ಕುಹಕವಾಡಲಿಲ್ಲ, ಮನಸ್ಸಿನಿಂದಲೇ ಹೇಳಿದರು. ನಾನು ಕೈ ಮುಗಿದೆ.

ಸವರಿದ್ದು ನಾಶವಾಗುವುದಿಲ್ಲ, ಕಚೇರಿಯ ನೆಲಮಾಳಿಗೆಯ ಸಂಗ್ರಹದಲ್ಲಿ ಉಳಿದಿರುತ್ತದೆ. ಮಣ್ಣು ಮಾಡಿದ ಐದನೆಯ ದಿನ ಅಲ್ಲಿಗಿಳಿದು ಅರವತ್ತಮೂರನ್ನೂ ತೆಗೆದು ಓದಿದೆ. ಓದುವುದಕ್ಕೇನಿದೆ, 'ಬನ್ನಿ' ಎಂಬ ಒಂದೇ ಪದ ಮತ್ತು ವೇಳೆ. ಮೊದಲಿನವು ಒಂದರ ಹಿಂದೊಂದು ಇವೆ. ಆಮೇಲೆ ಅಂತರ ಹೆಚ್ಚುತ್ತ ಹೋಗಿದೆ. ಕೊನೆಯದು ನಾನು ಪಟ್ಟಿ ಸವರುವುದಕ್ಕೆ ತುಸು ಮೊದಲು ಬಂದದ್ದು. ಅದಾದ ಮೇಲೆ ಅವಳು ಒತ್ತಲಿಲ್ಲ, ಅಥವಾ ಒತ್ತಲಾಗಲಿಲ್ಲ. ಅದು ನನಗೆ ಗೊತ್ತಾಗುವುದಿಲ್ಲ. ಮನೆಗೆ ಹೋಗುವ ಮನಸ್ಸಿರಲಿಲ್ಲವಾಗಿ ನಾನು ಸವರಿದ ಹಳೆಯವನ್ನೂ ಒಂದೊಂದಾಗಿ ತೆಗೆಯುತ್ತ ಕೂತೆ. ದಿನಾ ಹೀಗೇ ಇಳಿದು ಓದತೊಡಗಿದೆ. ಹಾಗೆ ನೀವು ಸಿಕ್ಕಿರಿ.

ನಿಮ್ಮವನ್ನು ಸವರಿದವಳೂ ನಾನೇ. ಹದಿನಾಲ್ಕು ವರ್ಷದ ಹಿಂದೆ ಕೆಲಸ ಕಲಿಯುವಾಗ ಅಭ್ಯಾಸಕ್ಕೆಂದು ಕೊಟ್ಟದ್ದು ನಿಮ್ಮ ಊರಿನ ದಾಖಲೆಗಳ ಕಟ್ಟು. ಒಂದೇ ಫೋನಿನಿಂದ ಒಂದೇ ತಾಸಿನಲ್ಲಿ ಹನ್ನೊಂದು ವರದಿ. ಇದಕ್ಕಿಂತ ಸ್ಪಷ್ಟವಾದ ಮರುಒತ್ತು ಸಿಗುವುದಿಲ್ಲ ಎಂದು ಕಲಿಸುವವರು ಹೇಳಿದ್ದರು. ಮೊದಲನೆಯದನ್ನು ಉಳಿಸಿ ಹತ್ತನ್ನು ಸವರಿದೆ, ಭೇಷ್ ಎನ್ನಿಸಿಕೊಂಡೆ. ಅವುಗಳ ಜೊತೆಗಿದ್ದ ಮಾತುಗಳನ್ನು ಆಗ ಓದಿರಲಿಲ್ಲ. ಈಗ ಓದಿದೆ. ಮೊದಲನೆಯದರಲ್ಲಿ ನೀವು ಹೀಗೆ ಬರೆದಿದ್ದೀರಿ: "ನಮ್ಮ ಗಿರಣಿ ಬಂದ್ ಇತ್ತು, ಆದರೂ ನೆಲ ನಡಗ್ತು. ಇದು ಗಿರಣಿ ನಡುಕ ಅಲ್ಲ." ಎರಡನೆಯದು: "ಕಾಶಮ್ಮನ ಮನಿ. ಅಕಿ ಬಲ್ಲಿ ಫೋನ್ ಇಲ್ಲ. ಒಳಗ ಹೋಗಿ ನೋಡೀನಿ. ಛಲೋ ಇದ್ದಾಳ, ಚಾ ಕುಡೀಲತ್ತಾಳ." ಮೂರನೆಯದು ಯಾರೋ ಮುದುಕರ ಮನೆ, ಅವರಿಗೆ ನಡುಗಿದ್ದೇ ಗೊತ್ತಾಗಿರಲಿಲ್ಲವಂತೆ. ಹೀಗೆ ಹತ್ತರ ತನಕ. ಪ್ರತಿಯೊಂದರಲ್ಲೂ ನೋಡೀನಿ, ನೋಡೀನಿ, ನೋಡೀನಿ ಎಂದಿದೆ. ಬದಲಿ ಒತ್ತು ನಮ್ಮಲ್ಲಿ ಹುಟ್ಟಿದ್ದೆಂದು ತಿಳಿದಿದ್ದೆ. ನನಗೆ ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಹಳೆಯದು ನಿಮ್ಮದು. ಒತ್ತುವುದನ್ನು ಮಾತ್ರ ನಾವು ಉಳಿಸಿಕೊಂಡೆವು, ಮನೆ ಮನೆಗೆ ಹೋಗುವುದು ಎಲ್ಲೋ ಬಿಟ್ಟುಹೋಯಿತು.

ನೀವು ಜಗತ್ತಿನ ನಡುಕಗಳ ಕೆಳಗೂ ಬರೆಯುತ್ತಿದ್ದಿರಿ. ಅವೂ ನನಗೆ ಸಿಕ್ಕವು. ಜಪಾನ್, ಆರು ಪಾಯಿಂಟ್ ಒಂದು: "ಅಲ್ಲಿ ಈಗ ಹೊತ್ತು ಮುಳುಗಿರಬೇಕು, ಅಡಗಿ ಮಾಡೋ ಹೊತ್ತು." ಚಿಲಿ, ಆರು ಪಾಯಿಂಟ್ ಎಂಟು: "ಇಲ್ಲಿ ಯಾರರ ಇದ್ದೀರೇನು?" ನಿಮ್ಮ ಕನ್ನಡದ ಪ್ರಶ್ನೆಗೆ ಅಲ್ಲಿಂದ ಯಾರೋ ತಮ್ಮ ಭಾಷೆಯಲ್ಲಿ ಒಂದೇ ಪದ ಬರೆದಿದ್ದಾರೆ. ನಮ್ಮ ಅನುವಾದ ಯಂತ್ರ ಅದನ್ನು 'ಇದ್ದೇನೆ' ಎನ್ನುತ್ತದೆ. ಹಿಟ್ಟಿನ ಕೈಯಲ್ಲಿ ಫೋನ್ ಹಿಡಿದು ನೀವು ಅದನ್ನು ಓದಿದಿರೋ ಇಲ್ಲವೋ. ನಲವತ್ತು ಬಳೆಗಳನ್ನು ನೋಡುತ್ತ ಉಂಡೇಳುವ ನನಗೆ, ಅಲ್ಲಿ ಅಡುಗೆಯ ಹೊತ್ತು ಎಂದು ಒಮ್ಮೆಯೂ ಅನ್ನಿಸಿದ್ದಿಲ್ಲ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಐವತ್ತೆರಡು ದಿನಗಳಲ್ಲಿ ಏನಾದರೂ ಅನ್ನಿಸಿದ್ದು ಅದೊಂದೇ ಸಲ.

ಮೊನ್ನೆ ಮತ್ತೆ ನಡುಗಿತು, ಮೂರು ಪಾಯಿಂಟ್ ಒಂಬತ್ತು. ನಾನು ನನ್ನ ಹಲಗೆ ಒತ್ತಿ, ಮಂಚದ ಕಾಲಿನಿಂದ ಚಪ್ಪಲಿ ಬಿಚ್ಚಿ ಮೆಟ್ಟಿಕೊಂಡು, ಪಕ್ಕದ ಮನೆಯ ಬಾಗಿಲು ಬಡಿದೆ. ಅಲ್ಲಿಯ ಸಾತಮ್ಮ ಹತ್ತು ವರ್ಷದಿಂದ ನೆರೆಯವಳು, ನಾನು ಅವಳ ಹೊಸಿಲು ತುಳಿದದ್ದು ಅದೇ ಮೊದಲು. ಅವಳು ಹೆದರಿ ಬಾಗಿಲು ತೆಗೆದು, ಏನಾಯಿತು, ಯಾಕೆ ಬಂದೆ ಎಂದಳು. ನೋಡಿ ಹೋಗಲು ಬಂದೆ ಎಂದೆ. ನನ್ನ ತಲೆ ಸರಿಯಿಲ್ಲವೆಂದು ಅವಳು ಓಣಿಗೆಲ್ಲ ಹೇಳಿರಬೇಕು. ಹೇಳಲಿ. ಒಂಬತ್ತು ಬಾಗಿಲು ಮುಗಿಸುವಷ್ಟರಲ್ಲಿ ಕೂಗು ನಿಂತು ಎಷ್ಟೋ ಹೊತ್ತಾಗಿತ್ತು.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಹನ್ನೊಂದನೆಯ ವರದಿಯಲ್ಲಿ ನಡುಕದ ಖಾನೆ ಖಾಲಿಯಿದೆ. ಬರೀ ಮಾತಿದೆ. "ಈರಮ್ಮನ ಮನಿ ಬಾಗಲಾ ತಗೀಲಿಲ್ಲ. ನೋಡದೇ ಒತ್ತಂಗಿಲ್ಲ. ಮತ್ತ ಹೋಗಿ ಬರ್ತೀನಿ." ಅಲ್ಲಿಗೆ ನಿಮ್ಮ ದಾಖಲೆ ನಿಂತಿದೆ. ಅದಾದ ಮೇಲೆ ನೀವು ಈರಮ್ಮನ ಮನೆಯ ಬಗ್ಗೆಯಾಗಲಿ, ಚಿಲಿಯ ಬಗ್ಗೆಯಾಗಲಿ ಏನೂ ಬರೆದಿಲ್ಲ. ಫೋನ್ ಕೆಟ್ಟಿತೋ, ಗಿರಣಿಗೆ ಜನ ಬಂದರೋ, ಅಥವಾ ಬರೆಯಲಾಗದ್ದನ್ನು ಕಂಡಿರೋ, ನನಗೆ ತಿಳಿಯಲು ದಾರಿಯಿಲ್ಲ. ನೆಲಮಾಳಿಗೆಯ ಕಟ್ಟುಗಳನ್ನೆಲ್ಲ ತೆಗೆದು ನೋಡಿದ್ದೇನೆ.

ಈ ಕಾಗದ ಓದುವ ಹೊತ್ತಿಗೆ ನೀವಿನ್ನೂ ಹೋಗಿರದಿದ್ದರೆ ದಯವಿಟ್ಟು ಈಗಲೇ ಹೊರಡಿ. ಮುಂದಿನ ಬಾಗಿಲು ತೆಗೆಯದಿದ್ದರೆ ಹಿತ್ತಲಿಗೆ ಹೋಗಿ ನೋಡಿ. ಮುಂದಿನ ಗೋಡೆ ನೆಟ್ಟಗೆ ನಿಂತಿರುತ್ತದೆ, ಅದನ್ನು ನಂಬಬೇಡಿ. ಹೆಸರು ಹಿಡಿದು ಕೂಗಿ, ಕೂಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿಸಿಕೊಳ್ಳಿ. ಆಮೇಲೆ ಏನು ಕಂಡಿರಿ ಎಂದು ಒಂದು ಸಾಲು ಬರೆಯಿರಿ. ನನ್ನ ಸಮಾಧಾನಕ್ಕೆಂದು ಏನನ್ನೂ ಬರೆಯಬೇಡಿ, ಕಂಡದ್ದನ್ನೇ ಬರೆಯಿರಿ. ನಾನು ದಿನಾ ಬೆಳಿಗ್ಗೆ ಕಚೇರಿಗೆ ಹೋದ ಕೂಡಲೇ ನಿಮ್ಮ ಕಟ್ಟನ್ನು ತೆಗೆದು ನೋಡುತ್ತೇನೆ. ಎಷ್ಟು ಸಲ ಬರೆದರೂ ಸರಿ, ಅದೇ ಮಾತನ್ನು ಅರವತ್ತಮೂರು ಸಲ ಬರೆದರೂ ಸರಿ. ನಾನು ಒಂದನ್ನೂ ಸವರುವುದಿಲ್ಲ.

ರೇವಮ್ಮನ ಅಕ್ಕ,
ಚಂದಮ್ಮ